ಮನೆ ಗುಂಪಿಗೆ ಬಂದ ಪೇಪರ್ ಕಟಿಂಗು

ಹೋದ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಕೃಷಿ ಜಮೀನನ್ನು ವಸತಿ ಲೇಔಟಿಗೆ ಬದಲಾಯಿಸುವ ಮೊದಲು ಪೇಪರಲ್ಲಿ ಹಾಕುವ ನೋಟಿಸಿನ ವಿಷಯ. ದಾವಣಗೆರೆ ಸುತ್ತಮುತ್ತ ಇಂಥ ನೋಟಿಸು ವಾರಕ್ಕೊಂದು ಬರುತ್ತದೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ಮನೆಯವರನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ. ಹೆಸರು, ಸರ್ವೆ ನಂಬರ್ ತೆಗೆದಿದ್ದೇನೆ.

ಚಿಕ್ಕಪ್ಪ: (ಪೇಪರ್ ಕಟಿಂಗ್ ಫೋಟೊ) ನಮ್ಮೂರಿಗೂ ಲೇಔಟ್ ಬಂತು ನೋಡ್ರಪ್ಪ. ಕೆರೆ ಮೇಲ್ಗಡೆಯ 6 ಎಕರೆ 20 ಗುಂಟೆ. ಕೃಷಿಯಿಂದ ವಸತಿಗೆ ಬದಲಾವಣೆ. ಇನ್ನು ನಮ್ಮ ಜಮೀನಿಗೂ ಬೆಲೆ ಬರುತ್ತದೆ.

ಹರಿಹರದ ಅತ್ತೆ: ಒಳ್ಳೆ ಸುದ್ದಿ ಕಣಪ್ಪ. ನಮ್ಮ ಹುಡುಗನಿಗೂ ಅಲ್ಲೇ ಒಂದು ಸೈಟು ನೋಡೋಣ.

ನಾನು: ಚಿಕ್ಕಪ್ಪ, ಫೋಟೊ ದೊಡ್ಡದು ಮಾಡಿ ಕೊನೆಯ ಎರಡು ಸಾಲು ಓದಿ. ಆಕ್ಷೇಪಣೆ, ಸಲಹೆ ಇದ್ದವರು 15 ದಿನದೊಳಗೆ ಬರೆದು ಕೊಡಬೇಕು ಅಂತಿದೆ. ಪೇಪರ್ ಬಂದು ಆಗಲೇ 6 ದಿನ ಆಯಿತು. ಇನ್ನೊಂದು ನೋಡಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ, ಉತ್ತರಕ್ಕೆ ಬೇರೆಯವರ ಜಮೀನು, ದಕ್ಷಿಣಕ್ಕೆ ಕೆರೆ ಅಂತ ಹಾಕಿದ್ದಾರೆ. ಆ ಜಮೀನಿನ ನಡುವೆ ಹಾದು ಕೆರೆಗೆ ಬೀಳುವ ಹಳ್ಳದ ಮಾತೇ ಇಲ್ಲ.

ಚಿಕ್ಕಪ್ಪ: ಯಾವ ಹಳ್ಳ? ಅಲ್ಲಿ ನೀರು ಹರಿದದ್ದು ಯಾರು ನೋಡಿದ್ದಾರೆ? ಜಾಲಿ ಬೆಳೆದು ನಿಂತಿದೆ. ಒಂದು ಟ್ರ್ಯಾಕ್ಟರ್ ಮಣ್ಣು ಸುರಿದರೆ ಮುಚ್ಚಿ ಹೋಗುತ್ತದೆ.

ದೊಡ್ಡಪ್ಪ: ನಾನು ನೋಡಿದ್ದೇನೆ ತಮ್ಮಾ. 2022ರಲ್ಲಿ ರಸ್ತೆ ಮೋರಿಯ ಮೇಲೆ ಮೊಣಕಾಲುದ್ದ ನೀರು ಹರಿಯಿತು. ನಮ್ಮ ಮೆಕ್ಕೆಜೋಳ ಮಲಗಿತು. ನೀನು ಆಗ ಪೇಟೆಯಲ್ಲಿದ್ದೆ.

ಚಿಕ್ಕಪ್ಪ: ಅದು ಒಂದು ವರ್ಷದ ಮಾತು ಅಣ್ಣಾ. ಉಳಿದ ವರ್ಷ?

ನಾನು: ಆ ಒಂದು ವರ್ಷಕ್ಕಾಗಿಯೇ ಹಳ್ಳ ಇರೋದು ಚಿಕ್ಕಪ್ಪ. ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ ನಾವೆಲ್ಲ ಟೆಂಪೊ ಮಾಡಿಕೊಂಡು ಹೋಗಿದ್ದು ನೆನಪಿದೆಯಾ? ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ನೀರೇ ಬರಲ್ಲ ಅಂತ ಯಾರಾದರೂ ಆ ಕೋಡಿಗೆ ಗೋಡೆ ಕಟ್ಟಿಕೊಂಡಿದ್ದರೆ ಕೆಳಗಿನವರ ಗತಿ ಏನಾಗುತ್ತಿತ್ತು? ನಮ್ಮ ಸೀಮೆಯ ಮಳೆಯೇ ಹಾಗೆ. ಹತ್ತು ವರ್ಷ ಮುಖ ತೋರಿಸುವುದಿಲ್ಲ, ಬಂದರೆ ಹಳೇ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ.

ತಮ್ಮ, ಬೆಂಗಳೂರು: ಅಕ್ಕಾ, ಇದು ಜೌಗು ಪ್ರದೇಶ ಅಲ್ವಾ? 2017ರ ವೆಟ್‌ಲ್ಯಾಂಡ್ ನಿಯಮ ಇದೆ. ಅದನ್ನೇ ಹಾಕಿ ಆನ್‌ಲೈನ್ ಸಹಿ ಅಭಿಯಾನ ಶುರು ಮಾಡೋಣ. ಪರಿಸರ ಸಾರ್ವಜನಿಕ ಸಭೆ ಕರೆಯಿರಿ ಅಂತ ಕೇಳೋಣ. ನನ್ನ ಆಫೀಸಿನವರೇ ಇನ್ನೂರು ಜನ ಸಹಿ ಹಾಕುತ್ತಾರೆ.

ನಾನು: ನಿನ್ನ ಮನಸ್ಸು ಒಳ್ಳೆಯದು ಕಣೋ, ದಾರಿ ತಪ್ಪು. ಕೋರ್ಟ್ ಮುಂದೆ ಡಿಟಿಪಿ ಅಂಗಡಿ ಇಟ್ಟುಕೊಂಡು ದಿನಾ ಇಂಥ ಅರ್ಜಿಗಳನ್ನೇ ಟೈಪ್ ಮಾಡುತ್ತೇನೆ. ತಪ್ಪು ಕಾಯ್ದೆ ಹಾಕಿದ ಅರ್ಜಿಯನ್ನು ಬದಿಗಿಡೋದು ಬಹಳ ಸುಲಭ. 2017ರ ಆ ನಿಯಮದಲ್ಲಿ ಜೌಗು ಪ್ರದೇಶ ಅಂದರೆ ಏನು ಅನ್ನೋದನ್ನು ಓದು. ನೀರಾವರಿಗೆ ಅಂತ ಕಟ್ಟಿದ ಕೆರೆ ಅದರಲ್ಲಿ ಬರುವುದಿಲ್ಲ. ಕುಡಿಯುವ ನೀರಿಗೆ ಕಟ್ಟಿದ್ದೂ ಬರುವುದಿಲ್ಲ. ನಮ್ಮ ಕಡೆ ಹೆಚ್ಚಿನ ಕೆರೆಗಳೆಲ್ಲ ಅಲ್ಲೇ ಹೊರಗೆ ಬಿದ್ದವು. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ರಾಮ್ಸರ್ ಪಟ್ಟ ಸಿಕ್ಕಿತು, ಅದರ ಮಾತು ಬೇರೆ.

ಸಭೆಯೂ ಆಗುವುದಿಲ್ಲ. 2006ರ ಪರಿಸರ ಅಧಿಸೂಚನೆಯಲ್ಲಿ ಕಟ್ಟಡ, ಬಡಾವಣೆ ಕೆಲಸಕ್ಕೆ ಸಾರ್ವಜನಿಕ ಸಭೆಯಿಂದ ವಿನಾಯಿತಿ ಇದೆ. ಆರು ಎಕರೆ ಬಡಾವಣೆಗಾದರೆ ಆ ಅಧಿಸೂಚನೆಯ ಪರಿಸರ ಪರವಾನಗಿಯೇ ಬೇಕಿಲ್ಲ, 50 ಹೆಕ್ಟೇರ್ ದಾಟಬೇಕು. ಹಾಗಾಗಿ ಜನರನ್ನು ಕೇಳುವ ಘಟ್ಟ ಅಂತ ನಮಗೆ ಕಾಣುತ್ತಿರೋದು ಈ 15 ದಿನ ಒಂದೇ. ಅದರಲ್ಲಿ 6 ಹೋಯಿತು.

ತಮ್ಮ, ಬೆಂಗಳೂರು: ಹಾಗಾದರೆ ನಮ್ಮ ಕೈಯಲ್ಲಿ ಯಾವ ಕಾಯ್ದೆ ಇದೆ?

ನಾನು: ನಮ್ಮ ರಾಜ್ಯದ್ದೇ ಇದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ. ಅದರಲ್ಲಿ ಕೆರೆ ಅಂದರೆ ನೀರು ನಿಲ್ಲುವ ಗುಂಡಿ ಮಾತ್ರ ಅಲ್ಲ. ಏರಿ, ತೂಬು, ಕೋಡಿ, ನೀರು ತರುವ ರಾಜಕಾಲುವೆ ಎಲ್ಲ ಸೇರಿಯೇ ಕೆರೆ. ನೀರು ಇರಲಿ ಇಲ್ಲದಿರಲಿ ಅದು ಕೆರೆಯೇ ಅಂತ ಕಾಯ್ದೆಯೇ ಹೇಳುತ್ತದೆ. ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಚಿಕ್ಕಪ್ಪ: ಕೆರೆ ಅಂಚಿನಿಂದ ಏನೂ ಕಟ್ಟದೆ ಬಿಡಬೇಕಾದ ಜಾಗವನ್ನು ಕಡಿಮೆ ಮಾಡಿದ್ದಾರಲ್ಲ? ಪೇಪರಲ್ಲಿ ನಾನೂ ಓದಿದ್ದೇನೆ.

ನಾನು: ಹೌದು. ಮೊದಲು ಎಲ್ಲ ಕೆರೆಗೂ 30 ಮೀಟರ್ ಅಂತಿತ್ತು. ಕೆರೆ ಸಣ್ಣದಾದಷ್ಟೂ ಬಿಡುವ ಜಾಗ ಕಡಿಮೆ ಮಾಡುವ ಮಸೂದೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ನನಗೆ ಅದು ಸರಿ ಅನಿಸಿಲ್ಲ. ಸಣ್ಣ ಕೆರೆಗೇ ರಕ್ಷಣೆ ಜಾಸ್ತಿ ಬೇಕು. ಅದಕ್ಕೇ ನಮ್ಮ ಅರ್ಜಿ ಮೀಟರ್ ಲೆಕ್ಕದ ಮೇಲೆ ನಿಲ್ಲೋದು ಬೇಡ ಅಂತ ನನ್ನ ಮಾತು. ಹಳ್ಳದ ಮೇಲೆ ನಿಲ್ಲಲಿ.

ಅಮೆರಿಕದ ಅಕ್ಕ: ಈಗ ನೋಡಿದೆ. ಇಲ್ಲೂ ಇದೇ ಜಗಳ. ಇಲ್ಲಿ ಜೌಗಿಗೆ, ತೊರೆಗೆ ಮಣ್ಣು ತುಂಬಬೇಕಾದರೆ ಸೈನ್ಯದ ಎಂಜಿನಿಯರ್ ಇಲಾಖೆಯ ಪರ್ಮಿಟ್ ಬೇಕು. 1972ರ ಕ್ಲೀನ್ ವಾಟರ್ ಆ್ಯಕ್ಟ್, 404ನೇ ಸೆಕ್ಷನ್. ದೊಡ್ಡ ಕೆಲಸವಾದರೆ ನೋಟಿಸ್ ಹಾಕಿ 15ರಿಂದ 30 ದಿನ ಅಭಿಪ್ರಾಯ ಕೇಳುತ್ತಾರೆ. ಯಾರು ಬೇಕಾದರೂ ಬರೆಯಬಹುದು, ಸಭೆ ಕರೆಯಿರಿ ಅಂತಲೂ ಕೇಳಬಹುದು. ಆದರೆ 2023ರಲ್ಲಿ ಸ್ಯಾಕೆಟ್ ಅನ್ನೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ವ್ಯಾಪ್ತಿ ಕಡಿಮೆ ಮಾಡಿತು. ನದಿಗೆ, ಸರೋವರಕ್ಕೆ ಮೇಲ್ಮೈಯಲ್ಲೇ ಕೂಡಿಕೊಂಡ ಜೌಗಿಗೆ ಮಾತ್ರ ಅನ್ವಯ ಅಂತ. ನಡುವೆ ಒಣ ನೆಲ ಇದ್ದ ಜೌಗೆಲ್ಲ ಹೊರಗೆ ಹೋದವು. ಒಣಗಿದ್ದನ್ನು ಲೆಕ್ಕದಿಂದ ಬಿಡೋದು ಎಲ್ಲ ಕಡೆಯೂ ಇದೆ ಕಣೇ.

ಹರಿಹರದ ಅತ್ತೆ: ಅಲ್ಲಮ್ಮ, ಬರೆದು ಕೊಟ್ಟರೆ ಕೇಳುತ್ತಾರಾ? ಸುಮ್ನೆ ಊರವರ ಜೊತೆ ವೈರ ಯಾಕೆ?

ದೊಡ್ಡಪ್ಪ: ನಾನು ಒಂದು ಸಲ ಕಚೇರಿಗೆ ಹೋಗಿದ್ದೆ. ಕೆಳಗಿನ ಕಟ್ಟೆ ಒತ್ತುವರಿ ಆದಾಗ. ಅರ್ಧ ದಿನ ನಿಂತೆ, ನೋಡ್ತೀವಿ ಹೋಗಿ ಅಂದರು. ಕಟ್ಟೆ ಹೋಯಿತು. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ನಾನು: ದೊಡ್ಡಪ್ಪ, ಆವತ್ತು ಬರೆದು ಕೊಟ್ಟಿದ್ರಾ? ಸೀಲು ಹಾಕಿದ ಪ್ರತಿ ಇದೆಯಾ?

ದೊಡ್ಡಪ್ಪ: ಇಲ್ಲಮ್ಮ. ಬಾಯಲ್ಲೇ ಹೇಳಿದ್ದು.

ನಾನು: ಅದಕ್ಕೇ ನಾನು ಇಷ್ಟು ಹೇಳುತ್ತಿರೋದು. ನಿಮ್ಮ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ. ಈ ಗುಂಪಲ್ಲಿ ಬರೆದದ್ದೂ ಹೋಗುವುದಿಲ್ಲ. ಎರಡು ಪ್ರತಿ ತೆಗೆದು ಒಂದನ್ನು ನೋಟಿಸು ಕೊಟ್ಟ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಂಡರೆ ಆಗ ಅದು ಕಡತದಲ್ಲಿ ಕೂರುತ್ತದೆ. ಮುಂದೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಏನು ಮಾಡಿದ್ರಿ ಅಂತ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಕೋರ್ಟಿಗೆ ಹೋಗುವ ಕಾಲ ಬಂದರೂ ಮೊದಲು ಕೇಳೋದು, ಸಮಯಕ್ಕೆ ಸರಿಯಾಗಿ ಆಕ್ಷೇಪಣೆ ಕೊಟ್ಟಿದ್ರಾ ಅಂತಲೇ.

ಅತ್ತೆ, ಬರೆದರೆ ಗೆದ್ದೇ ಗೆಲ್ಲುತ್ತೇವೆ ಅಂತ ನಾನು ಹೇಳಲ್ಲ. ಸೈಟಿನ ವಿಷಯ ಮಾತ್ರ ಹೇಳುತ್ತೇನೆ. 2011ರಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೆರೆ ತುಂಬಿಸಿ ಮನೆ ಕಟ್ಟಿಕೊಂಡಿದ್ದರು. ಎಷ್ಟೇ ದುಡ್ಡು ಸುರಿದು ಕಟ್ಟಿದ್ದರೂ ಊರಿನ ಸ್ವತ್ತು ಊರಿಗೇ ಬಿಡಬೇಕು ಅಂತ ತೀರ್ಪಾಯಿತು. ಹಳ್ಳದ ಮೇಲಿನ ಸೈಟನ್ನು ನಮ್ಮ ಹುಡುಗನಿಗೆ ಯಾಕೆ ಕೊಡಿಸಬೇಕು?

ಚಿಕ್ಕಪ್ಪ: ನೋಡಮ್ಮ, ನೀನು ಓದಿದವಳು, ಮಾತಾಡುತ್ತೀಯ. ಮುಂದಿನ ವರ್ಷ ಮಗಳ ಮದುವೆ. ನನ್ನ ಎರಡು ಎಕರೆ ಅದರ ಪಕ್ಕದಲ್ಲೇ ಇದೆ. ಕೊಳವೆಬಾವಿ ಎರಡು ಸಲ ಫೇಲಾಯಿತು. ನನಗೆ ಇರೋದು ಅದೊಂದೇ ದಾರಿ. ನನ್ನ ಮನೆಯವರೇ ಅದಕ್ಕೆ ಅಡ್ಡ ಬರೆದರೆ ಹೇಗೆ?

(ಇದಾದ ಮೇಲೆ ಗುಂಪಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ನನಗೂ ಕಣ್ಣು ತುಂಬಿತು. ನನ್ನ ಪಿಯುಸಿ ಫೀಸು ಕಟ್ಟಿದವರು ಅವರು.)

ನಾನು: ಚಿಕ್ಕಪ್ಪ, ನಿಮ್ಮ ಜಮೀನಿನ ಮೇಲೆ ನನಗೆ ಕಣ್ಣಿಲ್ಲ. ಲೇಔಟೇ ಬೇಡ ಅಂತಲೂ ನಾನು ಬರೆಯಲ್ಲ. ನೋಟಿಸಲ್ಲಿ ಆಕ್ಷೇಪಣೆ ಜೊತೆ ಸಲಹೆ ಅಂತಲೂ ಇದೆ, ಅದನ್ನು ಯಾರೂ ಓದುವುದಿಲ್ಲ. ಮಧ್ಯಾಹ್ನ ಗ್ರಾಮ ನಕಾಶೆ ಡೌನ್‌ಲೋಡ್ ಮಾಡಿ ನೋಡಿದೆ. ಹಳ್ಳ ಎರಡು ಗೆರೆಯಲ್ಲಿ ಸ್ಪಷ್ಟವಾಗಿದೆ. ಪಹಣಿಯಲ್ಲಿ 14 ಗುಂಟೆ ಬಿ ಖರಾಬು ಇದೆ. ಬಿ ಖರಾಬು ಅಂದರೆ ಸರ್ಕಾರದ್ದು, ಮಾರೋಕೆ ಯಾರಿಗೂ ಹಕ್ಕಿಲ್ಲ. ಆದರೆ ನೋಟಿಸಿನಲ್ಲಿ ಅದನ್ನೂ ಸೇರಿಸಿಯೇ 6 ಎಕರೆ 20 ಗುಂಟೆ ತೋರಿಸಿದ್ದಾರೆ. ನಮ್ಮ ಮಾತು ಇಷ್ಟೇ. ಆ 14 ಗುಂಟೆ ಬಿಡಿ, ಹಳ್ಳವನ್ನು ಅದರ ಅಗಲಕ್ಕೇ ಬಿಡಿ, ದಾಟುವಲ್ಲಿ ಸೇತುವೆ ಹಾಕಿ, ಪೈಪು ಬೇಡ, ಬಚ್ಚಲ ನೀರು ಹಳ್ಳಕ್ಕೆ ಬರಬಾರದು.

ಹಳ್ಳ ಮುಚ್ಚಿದರೆ ನೀರು ಮೊದಲು ನುಗ್ಗೋದು ನಿಮ್ಮ ಎರಡು ಎಕರೆಗೇ. ಆಮೇಲೆ ಅದನ್ನು ಯಾರು ಕೊಳ್ಳುತ್ತಾರೆ? ಕೆರೆ ತುಂಬದಿದ್ದರೆ ಇರುವ ಕೊಳವೆಬಾವಿಗಳೂ ನಿಲ್ಲುತ್ತವೆ.

ಚಿಕ್ಕಪ್ಪ: 14 ಗುಂಟೆನಾ? ಅದನ್ನೂ ಸೇರಿಸಿ ಅಳತೆ ಹಾಕಿದ್ದಾರಾ?

ನಾನು: ಪಹಣಿ, ನಕಾಶೆ ಎರಡೂ ಹಾಕಿದ್ದೇನೆ, ನೀವೇ ನೋಡಿ. ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದಲ್ಲೇ ನಿಂತು ನೋಡಿದರೂ ಗೊತ್ತಾಗುತ್ತದೆ.

ತಮ್ಮ, ಬೆಂಗಳೂರು: ಅಕ್ಕಾ, ನೀನು ಬರೆದದ್ದನ್ನೇ ಎಲ್ಲರೂ ಸಹಿ ಹಾಕಿ ಕೊಡೋಣವಾ?

ನಾನು: ಬೇಡ. ಒಂದೇ ಕಾಗದದ ಐವತ್ತು ಜೆರಾಕ್ಸ್ ಕೊಟ್ಟರೆ ಅದು ಒಂದೇ ಆಕ್ಷೇಪಣೆ ಅಂತ ಲೆಕ್ಕ ಹಾಕಿ ಮುಗಿಸಬಹುದು. ಅವರವರು ಕಂಡದ್ದನ್ನು ಅವರವರೇ ಬರೆಯಲಿ. ನಿನ್ನ ಆಫೀಸಿನ ಇನ್ನೂರು ಜನಕ್ಕಿಂತ ದೊಡ್ಡಪ್ಪನ ನಾಲ್ಕು ಸಾಲಿಗೆ ತೂಕ ಜಾಸ್ತಿ. ಅವರು ಮೋರಿಯ ಮೇಲೆ ನೀರು ಹರಿದದ್ದನ್ನು ಕಣ್ಣಾರೆ ಕಂಡವರು. 2022ರ ಫೋಟೊ ನಿನ್ನ ಹಳೇ ಫೋನಲ್ಲಿ ಇದ್ದರೆ ಹುಡುಕು. ತಾರೀಖು ಕಾಣುವ ಹಾಗೆ ಪ್ರಿಂಟ್ ಹಾಕುತ್ತೇನೆ.

ದೊಡ್ಡಪ್ಪ: ನನಗೆ ಬರೆಯಲು ಬರುವುದಿಲ್ಲಮ್ಮ ಅಷ್ಟು ಚೆನ್ನಾಗಿ.

ನಾನು: ಚೆನ್ನಾಗಿ ಬೇಡ ದೊಡ್ಡಪ್ಪ. ಇಷ್ಟು ಬರೆಯಿರಿ ಸಾಕು: "ನನ್ನ ಜಮೀನು ಸದರಿ ಸರ್ವೆ ನಂಬರಿಗೆ ಹೊಂದಿಕೊಂಡಿದೆ. ಈ ಹಳ್ಳ ನಾನು ಹುಡುಗನಾಗಿದ್ದಾಗಿನಿಂದ ಇದೆ. 2022ರ ಮಳೆಯಲ್ಲಿ ಇದರಲ್ಲಿ ಬಂದ ನೀರು ರಸ್ತೆ ಮೋರಿಯ ಮೇಲೆ ಹರಿದು ಕೆರೆ ಸೇರಿತು. ಹಳ್ಳ ಮುಚ್ಚಿದರೆ ನನ್ನ ಬೆಳೆಗೂ ಊರ ಕೆರೆಗೂ ತೊಂದರೆ. ಸ್ಥಳ ತನಿಖೆ ಮಾಡಿ, ನನ್ನನ್ನೂ ಕರೆದು ಕೇಳಬೇಕು." ಕೆಳಗೆ ಸಹಿ, ವಿಳಾಸ, ತಾರೀಖು. ಕೋಡಿ ನೀರು ಹೋಗುವ ಕೆಳಗಿನ ಊರಿನವರಿಗೂ ಹೇಳಿ, ಅವರ ಕೆರೆ ತುಂಬೋದೂ ಇದರಿಂದಲೇ.

(ಮರುದಿನ ಬೆಳಿಗ್ಗೆ 7.40)

ದೊಡ್ಡಪ್ಪ: (ಫೋಟೊ: ನೋಟ್‌ಬುಕ್ ಹಾಳೆ, ನೀಲಿ ಶಾಯಿ) ಮೋರಿ ಅಗಲ ಅಳೆದು ಬಂದೆ. ಒಂಬತ್ತು ಅಡಿ. ಅದನ್ನೂ ಸೇರಿಸಿದ್ದೇನೆ.

ಚಿಕ್ಕಪ್ಪ: ಲೇಔಟಿಗೆ ನನ್ನ ಒಪ್ಪಿಗೆ ಇದೆ, ಅದನ್ನು ಮೊದಲ ಸಾಲಲ್ಲೇ ಹಾಕು. ಹಳ್ಳ ಬಿಟ್ಟು ಮಾಡಲಿ ಅಂತ ಎರಡನೇ ಸಾಲು. ನನ್ನದು ಬೇರೆ ಕಾಗದ.

ನಾನು: ಹಾಗೇ ಹಾಕುತ್ತೇನೆ ಚಿಕ್ಕಪ್ಪ. ಹನ್ನೊಂದಕ್ಕೆ ಅಂಗಡಿಗೆ ಬನ್ನಿ, ಸಹಿ ಮಾಡಿ ಒಟ್ಟಿಗೇ ಟಪಾಲಿಗೆ ಹೋಗೋಣ. ಆಧಾರ್ ಜೆರಾಕ್ಸ್ ತನ್ನಿ.