ನೆಟ್ಟಿಯ ಹಾಡು ಹಿಡಿಯಲು ಯಾವ ಶಾಟ್‌ಗನ್ ಮೈಕ್ ಕೊಳ್ಳಲಿ?

ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕರ ಪ್ರಶ್ನೆ:

ನಮ್ಮೂರಿನಲ್ಲಿ ನೆಟ್ಟಿಯ ಹೊತ್ತಿಗೆ ಹಾಡು ಹೇಳಬಲ್ಲ ಹೆಂಗಸರು ಈಗ ಐದಾರು ಮಂದಿ ಉಳಿದಿದ್ದಾರೆ. ಹೋದ ಮಳೆಗಾಲದಲ್ಲಿ ಗದ್ದೆಯಂಚಿನ ಮೇಲೆ ನಿಂತು ಅವರ ಹಾಡುಗಳನ್ನು ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದೆ. ಚಿತ್ರ ಸ್ಪಷ್ಟವಾಗಿದೆ, ಹಾಡು ಮಾತ್ರ ಗಾಳಿಯ ಭರಭರ ಸದ್ದಿನಲ್ಲೂ ಪಕ್ಕದ ಗದ್ದೆಯ ಟಿಲ್ಲರಿನ ಗುಡುಗುಡಿನಲ್ಲೂ ಮುಳುಗಿಹೋಗಿದೆ. ನನ್ನ ಕ್ಯಾಮ್‌ಕಾರ್ಡರಿಗೆ 3.5 ಮಿ.ಮೀ. ಮೈಕ್ ಸಾಕೆಟ್ ಒಂದೇ ಇದೆ, ದೊಡ್ಡ ಮೈಕುಗಳಿಗೆ ಬೇಕಾದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ ಇಲ್ಲ. ಉದ್ದ ನಳಿಕೆಯಂಥ ಶಾಟ್‌ಗನ್ ಮೈಕನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿದರೆ ದೂರದ ಹಾಡನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಇಂಥ ಸಾಮಾನಿಗೆ ನಾನು ಒಂದು ಸಲ ಮಾತ್ರ ದುಡ್ಡು ಹಾಕಬಲ್ಲೆ. ಬಳಸಿ ಬಲ್ಲವರು ಯಾವುದನ್ನು ಕೊಳ್ಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಸಾಕ್ಷ್ಯಚಿತ್ರಗಳಿಗೆ ಧ್ವನಿ ಮುದ್ರಿಸುವವರೊಬ್ಬರು:

ಮೇಷ್ಟ್ರೇ, ಮೊದಲು ಆ ಎಳೆದುಕೊಳ್ಳುವ ಮಾತನ್ನು ಮರೆತುಬಿಡಿ. ಜೂಮ್ ಲೆನ್ಸಿನಂತೆ ದೂರದ್ದನ್ನು ಹತ್ತಿರ ಮಾಡುವ ಗುಣ ಶಾಟ್‌ಗನ್ ಮೈಕಿಗೆ ಇಲ್ಲ; ಅದು ಮಾಡುವುದು ಪಕ್ಕದ ಸದ್ದನ್ನು ತಗ್ಗಿಸುವ ಕೆಲಸ, ಅದನ್ನೂ ಅರ್ಧಂಬರ್ಧ. ಅದರ ನಳಿಕೆಯ ಉದ್ದಕ್ಕೂ ಸೀಳುಗಳಿರುತ್ತವೆ. ಎದುರಿನಿಂದ ಬಂದ ಸದ್ದು ಎಲ್ಲ ಸೀಳುಗಳ ಮೂಲಕವೂ ಏಕಕಾಲಕ್ಕೆ ಒಳಗಿನ ಪೊರೆಯನ್ನು ಮುಟ್ಟಿದರೆ, ಪಕ್ಕದಿಂದ ಬಂದದ್ದು ಒಂದೊಂದು ಸೀಳಿನಿಂದ ಒಂದೊಂದು ಕ್ಷಣಕ್ಕೆ ತಲುಪಿ ತನ್ನನ್ನು ತಾನೇ ಅಷ್ಟಿಷ್ಟು ಅಳಿಸಿಕೊಳ್ಳುತ್ತದೆ. ಹಾಗಾಗಬೇಕಾದರೆ ಸದ್ದಿನ ಅಲೆ ನಳಿಕೆಗಿಂತ ತೀರಾ ಉದ್ದವಾಗಿರಬಾರದು. 1000 ಹರ್ಟ್ಸ್ ಸದ್ದಿನ ಅಲೆ ಸುಮಾರು 34 ಸೆಂ.ಮೀ., 100 ಹರ್ಟ್ಸಿನದು ಸುಮಾರು 3.4 ಮೀಟರ್, ನಾವು ಕೊಳ್ಳುವ ಮೈಕುಗಳ ಉದ್ದವೋ 25 ಸೆಂ.ಮೀ. ಆಸುಪಾಸಿನದು. ಆದ್ದರಿಂದ ಪಕ್ಕದ ಹಕ್ಕಲಿನ ಜೀರುಂಡೆ ತಗ್ಗುತ್ತದೆ, ಟಿಲ್ಲರಿನ ಗುಡುಗುಡು ಬಹುಪಾಲು ಹಾಗೆಯೇ ಉಳಿಯುತ್ತದೆ. ಟಿಲ್ಲರಿಗೆ ಮದ್ದೆಂದರೆ ಅದನ್ನು ಓಡಿಸುವವರಿಗೆ ಒಂದು ಲೋಟ ಕಾಫಿ ಕೊಟ್ಟು, ಅರ್ಧ ಗಂಟೆ ನಿಲ್ಲಿಸಿರೆಂದು ಕೇಳಿಕೊಳ್ಳುವುದು.

ಎರಡನೆಯದು ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೀಟರ್ ದೂರದಲ್ಲಿದ್ದ ಮೈಕನ್ನು ಒಂದು ಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ಅಗ್ಗದ ಮೈಕಿಗೂ ದುಬಾರಿ ಮೈಕಿಗೂ ಇರುವ ವ್ಯತ್ಯಾಸ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಮೈಕನ್ನು ಕ್ಯಾಮೆರಾದಿಂದ ಇಳಿಸಿ ಬೂಮ್ ಎನ್ನುವ ಉದ್ದನೆಯ ಕೋಲಿಗೆ ಕಟ್ಟಿ. ಕೋಲು ಹಿಡಿಯುವ ರೀತಿಯಲ್ಲಿ ನಾನೊಮ್ಮೆ ಎಡವಿದ್ದೇನೆ. ಸಿನಿಮಾದವರಂತೆ ಮೇಲಿನಿಂದ ತೂಗಿಸಿ ಹಿಡಿದೆ. ನೆಡುವವರು ಬಗ್ಗಿರುತ್ತಾರಾದ್ದರಿಂದ ಮೈಕಿಗೆ ಕಂಡದ್ದು ಅವರ ಬೆನ್ನು ಮತ್ತು ಕಂಬಳಿಕೊಪ್ಪೆ, ಹಾಡು ಕೆಸರಿನ ಪಾಲಾಯಿತು. ಮರುದಿನ ಕೋಲನ್ನು ನೀರಿಗಿಂತ ಒಂದು ಗೇಣು ಮೇಲೆ ಚಾಚಿ, ಮೈಕಿನ ಮೂತಿಯನ್ನು ಅವರ ಬಾಯಿಯತ್ತ ಮೇಲ್ಮುಖ ಮಾಡಿದೆ. ಹಾಡೂ ಬಿಡಿಸಿ ಕೇಳಿಸಿತು, ಹಿಂಬದಿಯಲ್ಲಿ ಆಕಾಶವಷ್ಟೇ ಇದ್ದುದರಿಂದ ಗದ್ದಲವೂ ಕಡಿಮೆಯಾಯಿತು. ನೆಡುವವರು ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ. ಎದುರಿಗೆ ಆಗಷ್ಟೇ ನೆಟ್ಟ ಸಸಿಯಿರುತ್ತದೆ, ಅಲ್ಲಿ ಕಾಲಿಟ್ಟರೆ ಬೈಗುಳವೂ ಧ್ವನಿಮುದ್ರಣವಾಗುತ್ತದೆ. ಪಕ್ಕದ ಅಂಚಿನಿಂದಲೇ ಚಾಚಲು ಮೂರು ಮೀಟರಿನ ಕೋಲು ಬೇಕು.

ಇನ್ನು ಮೈಕಿನ ಹೆಸರು. ನಿಮ್ಮ 3.5 ಮಿ.ಮೀ. ಸಾಕೆಟ್ ಕೆಲವೇ ವೋಲ್ಟ್ ಕೊಡುತ್ತದೆ, ಎಕ್ಸ್‌ಎಲ್‌ಆರ್ ಕೇಬಲ್ಲಿನ ಮೂಲಕವೇ ಮೈಕಿಗೆ ಹರಿಯುವ 48 ವೋಲ್ಟಿನ ಫ್ಯಾಂಟಮ್ ಪವರನ್ನಲ್ಲ. ಆದ್ದರಿಂದ ಫ್ಯಾಂಟಮ್ ಇಲ್ಲದೆ ನಡೆಯದ ಮೈಕುಗಳನ್ನು, ಅವು ಎಷ್ಟೇ ಹೆಸರುವಾಸಿಯಾಗಿದ್ದರೂ, ಪಟ್ಟಿಯಿಂದ ತೆಗೆದುಹಾಕಿ. ಒಂದು ಎಎ ಸೆಲ್‌ನಿಂದಲೂ ನಡೆಯುವ ಸೆನ್‌ಹೈಸರ್ ಎಂಕೆಇ 600 ಅಥವಾ ರೋಡ್ ಕಂಪನಿಯ ಎನ್‌ಟಿಜಿ-2 ನಿಮಗೆ ಹೊಂದುತ್ತವೆ. ಎರಡರಲ್ಲಿ ನನ್ನ ಒಲವು ಎಂಕೆಇ 600ರ ಕಡೆಗೆ. ಅದರ ಸ್ವಂತ ಗೊರಗೊರ ಕಡಿಮೆ; ಕೆಳದನಿಯನ್ನು ಕತ್ತರಿಸುವ ಲೋ ಕಟ್ ಸ್ವಿಚ್ಚು ಎರಡರಲ್ಲೂ ಇದೆ.

ಗಾಳಿಯ ವಿಷಯದಲ್ಲಿ ಜಿಪುಣತನ ಬೇಡ. ಪೆಟ್ಟಿಗೆಯ ಜೊತೆ ಬರುವ ಸ್ಪಂಜಿನ ಟೊಪ್ಪಿಗೆ ಮನೆಯ ಫ್ಯಾನಿಗೆ ಸಾಕು, ಬಯಲಿಗಲ್ಲ. ರೋಮದ ಕವಚ ಬೇಕೇ ಬೇಕು. ಅದನ್ನು ಮೈಕಿಗೆ ಅಂಟಿದಂತೆ ಹಾಕುವುದಕ್ಕಿಂತ, ನಡುವೆ ಗಾಳಿ ನಿಶ್ಚಲವಾಗಿ ನಿಲ್ಲುವಷ್ಟು ಜಾಗವಿರುವ ಬ್ಲಿಂಪ್ ಪಂಜರದ ಮೇಲೆ ಹೊದಿಸಿದರೆ ಫಲ ಬಹಳ ಹೆಚ್ಚು. ಮೈಕಿನ ದುಡ್ಡಿನಲ್ಲಿ ಸ್ವಲ್ಪ ಉಳಿಸಿಯಾದರೂ ಇದನ್ನು ಕೊಳ್ಳಿ.

ಮದುವೆ, ಜಾತ್ರೆಗಳ ವಿಡಿಯೊ ಮಾಡುವವರೊಬ್ಬರು:

ಮೇಲಿನವರು ಹೇಳಿದ್ದಕ್ಕೆ ಕೇಬಲ್ಲಿನ ಮಾತೊಂದನ್ನು ಸೇರಿಸುತ್ತೇನೆ. ನಾನು ಮೊದಲ ಸಲ ಎಕ್ಸ್‌ಎಲ್‌ಆರ್ ಮೈಕ್ ತಂದಾಗ ಅಂಗಡಿಯವರು ಸ್ಟೀರಿಯೊ ಪಿನ್ನಿನ ಕೇಬಲ್ಲೊಂದನ್ನು ಬೆಸುಗೆ ಹಾಕಿ ಕೊಟ್ಟರು. ಹೆಡ್‌ಫೋನಿನಲ್ಲಿ ಎರಡು ಕಿವಿಗೂ ಧ್ವನಿ ಬರುತ್ತಿತ್ತು, ಏನೋ ತಲೆಯೊಳಗೆ ಟೊಳ್ಳಾದಂತೆ ಅನ್ನಿಸಿದರೂ ಸುಮ್ಮನಾದೆ. ಜಾತ್ರೆಯ ಇಡೀ ವಿಡಿಯೊವನ್ನು ಒಬ್ಬರು ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಹಾಕಿದಾಗ ಮಾತೇ ಮಾಯವಾಗಿತ್ತು. ಎಕ್ಸ್‌ಎಲ್‌ಆರ್‌ನ 2ನೆಯ ಮತ್ತು 3ನೆಯ ಪಿನ್ನುಗಳಲ್ಲಿ ಒಂದೇ ಧ್ವನಿ ಪರಸ್ಪರ ವಿರುದ್ಧವಾಗಿ ಬರುತ್ತದೆ. ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೊಟ್ಟರೆ, ಎರಡನ್ನೂ ಕೂಡಿಸಿ ನುಡಿಸುವ ಸ್ಪೀಕರಿನಲ್ಲಿ ಅವು ಒಂದನ್ನೊಂದು ನುಂಗಿಬಿಡುತ್ತವೆ. ಎಂಕೆಇ 600ರದೂ ಎಕ್ಸ್‌ಎಲ್‌ಆರ್ ಪಿನ್ನೇ; ಅದಕ್ಕೇ ಅದನ್ನು 3.5 ಮಿ.ಮೀ. ಸಾಕೆಟ್ಟಿಗೆ ಜೋಡಿಸಲು ಸೆನ್‌ಹೈಸರಿನವರೇ ಮಾರುವ ಕೆಎ 600 ಕೇಬಲ್ಲನ್ನು ಕೊಳ್ಳಿ. ಉದ್ದಕ್ಕೆ ಬೇಕಾದರೆ ಮೈಕಿನಿಂದ ಕ್ಯಾಮೆರಾದ ಹತ್ತಿರದವರೆಗೆ ಸಾಮಾನ್ಯ ಎಕ್ಸ್‌ಎಲ್‌ಆರ್ ಕೇಬಲ್ ಎಳೆದು, ಕೊನೆಯಲ್ಲಿ ಮಾತ್ರ ಇದನ್ನು ಸೇರಿಸಿ.

ಕ್ಯಾಮ್‌ಕಾರ್ಡರಿನ ಧ್ವನಿಮಟ್ಟ ಆಟೊದಲ್ಲಿದ್ದರೆ ಅದನ್ನೂ ತಪ್ಪಿಸಿ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನದಲ್ಲಿ ಅದು ತಾನಾಗಿ ಮಟ್ಟವನ್ನು ಏರಿಸುತ್ತದೆ. ಮಳೆಯ ಸದ್ದು ಪ್ರತಿ ಸಾಲಿನ ಬಳಿಕವೂ ಉಬ್ಬಿ ಬಂದಂತೆ ಕೇಳಿಸುತ್ತದೆ. ಮ್ಯಾನ್ಯುವಲ್‌ಗೆ ಹಾಕಿ, ಅತಿ ಏರುದನಿಯೂ ಮೀಟರಿನಲ್ಲಿ -12 ಡೆಸಿಬೆಲ್ಲಿನ ಸುತ್ತಮುತ್ತ ನಿಲ್ಲುವಂತೆ ನೋಡಿಕೊಳ್ಳಿ.

ಜನಪದ ಹಾಡುಗಳನ್ನು ಸಂಗ್ರಹಿಸುವ ಉಪನ್ಯಾಸಕಿಯೊಬ್ಬರು:

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ, ಸರ್. ಒಬ್ಬರು ಹಾಡುವಾಗ ಶಾಟ್‌ಗನ್ ಸರಿ. ಒಂದು ಗುಂಪು ಹೇಳಿ ಇನ್ನೊಂದು ಗುಂಪು ಸೊಲ್ಲು ಎತ್ತುವ ಹಾಡಿನಲ್ಲಿ ಅದು ಮೊದಲ ಗುಂಪನ್ನು ಹಿಡಿದು, ಎರಡನೆಯದನ್ನು ಬಾವಿಯೊಳಗಿನಿಂದ ಕೇಳಿದಂತೆ ಮಾಡುತ್ತದೆ, ಏಕೆಂದರೆ ಪಕ್ಕದಿಂದ ಬಂದ ಧ್ವನಿಯ ಮೊನಚನ್ನಷ್ಟೇ ಕತ್ತರಿಸಿ ಮಂದ ಭಾಗವನ್ನು ಉಳಿಸುತ್ತದೆ. ನಾನು ಎರಡನೆಯ ಗುಂಪಿನ ಬಳಿ ಅಂಚಿನಲ್ಲಿ ಚಿಕ್ಕ ರೆಕಾರ್ಡರೊಂದನ್ನು ಇಟ್ಟು, ಆಮೇಲೆ ಎರಡನ್ನೂ ಕೂಡಿಸುತ್ತೇನೆ. ಆರಂಭದಲ್ಲಿ ಎಲ್ಲರಿಗೂ ಕೇಳುವಂತೆ ಒಂದು ಚಪ್ಪಾಳೆ ತಟ್ಟಿದರೆ ಹೊಂದಿಸುವುದು ಸುಲಭ.

ತೇವದ ವಿಷಯವೂ ಇದೆ. ಮಲೆನಾಡಿನ ಆಷಾಢದಲ್ಲಿ ಸಾಧಾರಣ ಕಂಡೆನ್ಸರ್ ಮೈಕುಗಳು, ಎಂದರೆ ಮೇಲೆ ಹೇಳಿದ ಶಾಟ್‌ಗನ್‌ಗಳ ಜಾತಿಯವು, ಕೆಲವೊಮ್ಮೆ ಚಟಪಟ ಎನ್ನತೊಡಗುತ್ತವೆ. ಸೆನ್‌ಹೈಸರ್ ಎಂಕೆಎಚ್ 416 ರೇಡಿಯೊ ಆವರ್ತನದ ವಿದ್ಯುನ್ಮಂಡಲದಿಂದ ನಡೆಯುವುದರಿಂದ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದಕ್ಕೆ ಫ್ಯಾಂಟಮ್ ಬೇಕು, ಬೆಲೆಯೂ ಕೈಗೆಟುಕುವಂಥದ್ದಲ್ಲ. ಉಳಿದವರು ಕೆಲಸ ಮುಗಿದ ಕೂಡಲೇ ಸೆಲ್ ತೆಗೆದು, ಮೈಕನ್ನು ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಟ್ಟರೆ ಸಾಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಎಂಕೆಇ 600, ಕೆಎ 600 ಕೇಬಲ್ ಮತ್ತು ಬ್ಲಿಂಪ್ ಎಂದು ಬರೆದಿಟ್ಟುಕೊಂಡಿದ್ದೇನೆ. ಕೋಲು ಹಿಡಿಯಲು ಮೊಮ್ಮಗ ಒಪ್ಪಿದ್ದಾನೆ. ಮಳೆ ಹನಿಯುವಾಗ ಆ ರೋಮದ ಕವಚ ಒದ್ದೆಯಾದರೆ ಏನು ಮಾಡುವುದು?

ಧ್ವನಿ ಮುದ್ರಿಸುವವರು:

ತುಂತುರಿಗೆ ತೊಂದರೆಯಿಲ್ಲ, ಆಗಾಗ ಜೋರಾಗಿ ಒದರಿ. ಪೂರ್ತಿ ತೊಯ್ದರೆ ರೋಮ ಒತ್ತಾಗಿ ಅಂಟಿಕೊಂಡು ಧ್ವನಿಯ ಮೊನಚು ಮಂಕಾಗುತ್ತದೆ, ಗಾಳಿಯನ್ನೂ ತಡೆಯುವುದಿಲ್ಲ. ಇನ್ನೊಂದು ಕವಚವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೊಮ್ಮಗನ ಹೆಗಲಿಗೆ ಹಾಕಿ. ಒದ್ದೆಯಾದದ್ದನ್ನು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ. ಕೃತಕ ರೋಮ ಬಿಸಿಗೆ ಮುದುಡುತ್ತದೆ. ನೆರಳಿನಲ್ಲಿ ಒಣಗಿಸಿ, ಆಮೇಲೆ ಬಾಚಿ.