ಪಾಲಿಮರ್-ಡೋಟಾ-ಗ್ಯಾಡೋಲಿನಿಯಂ: ಡಯಾಲಿಸಿಸ್ ಆದ್ಮೇಲೆ ರಿಲಾಕ್ಸಿವಿಟಿ ಅರ್ಧಕ್ಕಿಂತ ಕೆಳಗೆ!

ಪಾಲಿಪುಟ್ಟ: ಪಾಲಿಗ್ಲುಟಾಮಿಕ್ ಆಸಿಡ್‌ಗೆ ಅಮೈನೋ-ಡೋಟಾ (ಲೋಹ ಹಿಡಿದಿಡೋ ಕಿಲೇಟರ್) ಕೂರಿಸಿ ಗ್ಯಾಡೋಲಿನಿಯಂ ಲೋಡ್ ಮಾಡಿದ್ದು. 60 ಮೆಗಾಹರ್ಟ್ಸ್, 37 ಡಿಗ್ರಿಯಲ್ಲಿ ರಿಲಾಕ್ಸಿವಿಟಿ (ಎಂಆರ್‌ಐ ಕಾಂಟ್ರಾಸ್ಟ್ ಕೊಡೋ ಶಕ್ತಿ), ಅಂದ್ರೆ ಆರ್‌ಒನ್ 21. ಡಯಾಲಿಸಿಸ್ (ಪೊರೆಯ ಟ್ಯೂಬಲ್ಲಿಟ್ಟು ಸಣ್ಣ ಅಣು ತೊಳೆಯೋದು) ಆಗಿ ಮಾರನೇ ದಿನ ನೋಡಿದ್ರೆ 9. ಪ್ರತಿ ಬ್ಯಾಚಿಗೂ ಇದೇ ಗೋಳು. ಝೈಲೆನಾಲ್ ಆರೆಂಜ್ (ಬಿಡಿ ಲೋಹ ತೋರಿಸೋ ಬಣ್ಣ) ಹಳದಿಯಾಗೇ ಇದೆ, ಫ್ರೀ ಮೆಟಲ್ ಇಲ್ಲ. ಪಾಲಿಮರ್ ಒಡೀತಿದೆಯಾ?

ಪೀಕ್‌ಪಂಡಿತ: ಡಿಪ್ರೊಟೆಕ್ಷನ್ (ಡೋಟಾದ ಆಸಿಡ್ ಗುಂಪುಗಳ ಮುಚ್ಚಳ ತೆಗೆಯೋದು) ಅರ್ಧಂಬರ್ಧ ಆಗಿದೆ. ಎನ್‌ಎಂಆರ್‌ನಲ್ಲಿ 1.4 ಪಿಪಿಎಂ ಹತ್ರ ಟರ್ಷರಿ ಬ್ಯುಟೈಲ್ ಅನ್ನೋ ಆ ಮುಚ್ಚಳ ಕಾಣುತ್ತಾ ನೋಡಿ.

ಪಾಲಿಪುಟ್ಟ: ನೋಡಿದೀನಿ ಸರ್, ಏನೂ ಇಲ್ಲ.

ಪೀಕ್‌ಪಂಡಿತ: ಬೇಸ್‌ಲೈನಲ್ಲಿ ಅಡಗಿರುತ್ತೆ. ಟಿಎಫ್ಎ (ಮುಚ್ಚಳ ಕೀಳೋ ಆಸಿಡ್) ಇನ್ನೊಂದ್ಸಲ ಕೊಡಿ.

ಕಿಲೇಟ್‌ಕಿಟ್ಟಿ: ಬ್ಯುಟೈಲ್ ಬಿಡಿ ಮಾರಾಯ್ರೆ, ಅದಿದ್ರೆ ಡಯಾಲಿಸಿಸ್‌ಗೆ ಮುಂಚೆ 21 ಯಾಕೆ ಬರುತ್ತೆ? ಯಾವುದರ ಎದುರು ಡಯಾಲಿಸಿಸ್? ಗ್ಯಾಡೋಲಿನಿಯಂ ಎಷ್ಟು ಹಾಕಿದ್ರಿ?

ಪಾಲಿಪುಟ್ಟ: ಪಿಬಿಎಸ್ (ಫಾಸ್ಫೇಟ್ ಬಫರ್), ಇನ್ನೇನು? ಡೋಟಾದ 3 ಪಟ್ಟು ಹಾಕಿದ್ದೆ, ಪೂರ್ತಿ ತುಂಬಲಿ ಅಂತ.

ಕಿಲೇಟ್‌ಕಿಟ್ಟಿ: ಅಲ್ಲೇ ಇದೆ ಎಡವಟ್ಟು. ಹೆಚ್ಚುವರಿ ಗ್ಯಾಡೋಲಿನಿಯಂ ಪಾಲಿಮರ್ ಬೆನ್ನೆಲುಬಿನ ಕಾರ್ಬಾಕ್ಸಿಲೇಟ್‌ಗೆ ಸಡಿಲವಾಗಿ ಅಂಟಿದೆ. ಅದರ ಸುತ್ತ ನೀರಿನ ಅಣು ಜಾಸ್ತಿ, ಅದಕ್ಕೇ 21 ಅನ್ನೋ ಸುಳ್ಳು ನಂಬರು. ಪಿಬಿಎಸ್‌ನ ಫಾಸ್ಫೇಟ್ ಅದನ್ನ ಕಿತ್ತು ಗ್ಯಾಡೋಲಿನಿಯಂ ಫಾಸ್ಫೇಟ್ ಮಾಡುತ್ತೆ. ಆ ಕೊಲಾಯ್ಡ್ ಝೈಲೆನಾಲ್ ಆರೆಂಜ್‌ಗೆ ಕಾಣೋದೇ ಇಲ್ಲ. ಟ್ಯೂಬನ್ನ ಕಪ್ಪು ಹಿನ್ನೆಲೆಗೆ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ, ಮಸುಕು ಕಂಡ್ರೆ ಅದೇ.

ಲೋಡಿಂಗ್: ಡೋಟಾಗೆ 0.95 ಈಕ್ವಿವಲೆಂಟ್ ಸಾಕು. ಸ್ವಲ್ಪಸ್ವಲ್ಪವಾಗಿ ಹಾಕ್ತಾ ಪಿಎಚ್ 5.5ರಲ್ಲೇ ಹಿಡೀರಿ, 50 ಡಿಗ್ರಿ, ರಾತ್ರಿಯಿಡೀ. 7 ದಾಟಿದ್ರೆ ಹೈಡ್ರಾಕ್ಸೈಡ್ ಬೀಳುತ್ತೆ. ಆಮೇಲೆ ಒಟ್ಟು ಗ್ಯಾಡೋಲಿನಿಯಂನ 2 ಪಟ್ಟು ಡಿಟಿಪಿಎ ಅನ್ನೋ ಇನ್ನೊಂದು ಕಿಲೇಟರ್, ಪಿಎಚ್ 6.5, 4 ಗಂಟೆ. ಸಡಿಲವಾಗಿರೋದನ್ನೆಲ್ಲ ಅದು ಎಳ್ಕೊಳ್ಳುತ್ತೆ, ಡೋಟಾ ಒಳಗಿನದು ಅಲ್ಲಾಡಲ್ಲ. 3.5 ಕಿಲೋಡಾಲ್ಟನ್ ಟ್ಯೂಬಲ್ಲಿ ಸಲೈನ್ ಎದುರು, ಕೊನೆಗೆ ನೀರು. ಐಸಿಪಿ (ಗ್ಯಾಡೋಲಿನಿಯಂ ಎಷ್ಟಿದೆ ಅಂತ ಅಳೆಯೋದು) ಇದೆಲ್ಲ ಮುಗಿದ ಮೇಲೆ ಮಾಡಿ. ಹಳೇ ಸಾಂದ್ರತೆಯಿಂದ ಭಾಗಿಸಿದ್ರೆ ಮತ್ತೆ ಸುಳ್ಳು ನಂಬರೇ.

ರಿಲಾಕ್ಸ್‌ರಂಗ: ಝೈಲೆನಾಲ್‌ಗಿಂತ ಆರ್ಸೆನಾಝೋ ಬಣ್ಣ ವಾಸಿ. ನಮ್ಮ ರಿಲಾಕ್ಸೋಮೀಟರಲ್ಲಿ 20ರಿಂದ 60 ಮೆಗಾಹರ್ಟ್ಸ್ ತನಕ ಪೂರ್ತಿ ಪ್ರೊಫೈಲೇ ತೆಗೀತೀವಿ.

ಕಿಲೇಟ್‌ಕಿಟ್ಟಿ: ಯಾವ ಬಣ್ಣ ಹಾಕಿದ್ರೂ ಫಾಸ್ಫೇಟ್ ಒಳಗಿರೋದು ಸಿಗಲ್ಲ ಗುರುವೇ. ಪ್ರೊಫೈಲ್ ಇನ್ನೊಂದು ಥ್ರೆಡ್‌ಗೆ ಹಾಕಿ.

ಪಾಲಿಪುಟ್ಟ: ಮಸುಕು ಇದೆ! ಇದೇ ಬ್ಯಾಚಿಗೆ ಚಿಕಿತ್ಸೆಗೆ ಅಂತ ವಿಕಿರಣಶೀಲ ಲುಟೇಶಿಯಂ-177 ಹಾಕಬಹುದಾ?

ಕಿಲೇಟ್‌ಕಿಟ್ಟಿ: ಬೇಡ, ಡೋಟಾ ಜಾಗ ಆಗಲೇ ಭರ್ತಿ. ಗ್ಯಾಡೋಲಿನಿಯಂ ಮುಟ್ಟಿಸದ ಭಾಗ ಬೇರೆ ತೆಗೆದಿಡಿ. ಲುಟೇಶಿಯಂ ಅದಕ್ಕೆ ಹಾಕಿ: ಅಸಿಟೇಟ್ ಬಫರ್, ಪಿಎಚ್ 5, 95 ಡಿಗ್ರಿ, ಅರ್ಧ ಗಂಟೆ. ಅಮೈಡ್ ಬೆನ್ನೆಲುಬು ಅಷ್ಟು ತಡ್ಕೊಳ್ಳುತ್ತೆ. ಪಾಲಿಎಸ್ಟರ್‌ಗೆ ಮಾತ್ರ ಈ ಬಿಸಿ ಕೊಡಬೇಡಿ.