ಪದಚರ್ಚೆ: ‘ಪೆನಂಟ್ ರೇಸ್’, ‘ಗೇಮ್ಸ್ ಬಿಹೈಂಡ್’, ‘ಮ್ಯಾಜಿಕ್ ನಂಬರ್’

ಪ್ರಶ್ನೆ

ಬಲ್ಲವರಲ್ಲಿ ವಿನಂತಿ. ಅಮೆರಿಕದ ಬೇಸ್‌ಬಾಲ್ ಕುರಿತ ಬರಹವೊಂದರ ಅನುವಾದದಲ್ಲಿ ಅಭಿಮಾನಿಗಳ ಸೆಪ್ಟೆಂಬರ್ ಮಾತುಗಳು ತೊಡಕಾಗಿವೆ. ಸಂದರ್ಭ 1964ರ ನ್ಯಾಷನಲ್ ಲೀಗ್, ಫಿಲಡೆಲ್ಫಿಯಾ ಫಿಲೀಸ್ ತಂಡ. ಇನ್ನು 12 ಪಂದ್ಯ ಉಳಿದಿರುವಾಗ ಅಭಿಮಾನಿ ಹೇಳುವುದು: ಪೆನಂಟ್ ರೇಸ್‌ನಲ್ಲಿ ಆರೂವರೆ ಗೇಮ್ ಮುಂದೆ, ಮ್ಯಾಜಿಕ್ ನಂಬರ್ ಏಳು. ಈಗಿರುವ ಕರಡು: “ಪ್ರಶಸ್ತಿ ಸುತ್ತಿನಲ್ಲಿ ಆರೂವರೆ ಅಂಕಗಳಿಂದ ಮುಂದಿದ್ದೇವೆ, ನಮ್ಮ ಮಾಂತ್ರಿಕ ಸಂಖ್ಯೆ ಏಳು.” ಅರ್ಥ ಕೆಟ್ಟಿದೆಯೇ? ಪಂದ್ಯದಲ್ಲಿ ಅರ್ಧ ಎಂಬುದು ಹೇಗೆ ಬಂತು? ‘ಕ್ಲಿಂಚ್’ಗೆ ‘ಲಗ್ಗೆ ಇಡು’, ಸಾಲಾಗಿ ಹತ್ತು ಪಂದ್ಯ ಸೋತ ‘ಕೊಲ್ಯಾಪ್ಸ್’ಗೆ ‘ಕುಸಿತ’ ಹೊಂದುತ್ತವೆಯೇ?

ಉತ್ತರ 1

‘ಅಂಕ’ವನ್ನು ಮೊದಲು ತೆಗೆಯಿರಿ. ಬೇಸ್‌ಬಾಲ್ ಪಟ್ಟಿಯಲ್ಲಿ ಅಂಕವೇ ಇಲ್ಲ. ಗೆಲುವು, ಸೋಲು, ಶೇಕಡಾವಾರು ಗೆಲುವು, ಅಂತರ (ಅದೇ ‘ಗೇಮ್ಸ್ ಬಿಹೈಂಡ್’), ಇಷ್ಟೇ. ನೆಟ್ ರನ್‌ರೇಟ್‌ನಂಥದ್ದೂ ಇಲ್ಲ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ವಿರುದ್ಧ ಬರೀ ಗೆದ್ದರೆ ಸಾಲದಿತ್ತು, 18 ರನ್ ಅಂತರ ಬೇಕಿತ್ತು. 27 ರನ್‌ಗಳಿಂದ ಗೆದ್ದು ಪ್ಲೇಆಫ್‌ಗೆ ಬಂತು. ಆ ಬಗೆಯ ಲೆಕ್ಕಾಚಾರ ಇಲ್ಲಿ ನಡೆಯದು. ಫಿಲೀಸ್‌ನ ಹತ್ತು ಸೋಲುಗಳಲ್ಲಿ ಮೊದಲನೆಯದು ಸೆಪ್ಟೆಂಬರ್ 21ರಂದು ಸಿನ್ಸಿನಾಟಿ ರೆಡ್ಸ್ ವಿರುದ್ಧ, 0-1. ಹತ್ತು ರನ್‌ಗಳಿಂದ ಸೋತಿದ್ದರೂ ಪಟ್ಟಿಯಲ್ಲಿ ಅದೇ ಒಂದು ಸೋಲು.

ಇನ್ನು ಅರ್ಧದ ಮಾತು. ಸೆಪ್ಟೆಂಬರ್ 20ರ ರಾತ್ರಿ ಫಿಲೀಸ್ 90 ಗೆಲುವು, 60 ಸೋಲು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮತ್ತು ರೆಡ್ಸ್ ಇಬ್ಬರದೂ 83 ಗೆಲುವು, 66 ಸೋಲು. ಗೆಲುವಿನ ವ್ಯತ್ಯಾಸ 7, ಸೋಲಿನ ವ್ಯತ್ಯಾಸ 6. ಕೂಡಿದರೆ 13, ಅದರ ಅರ್ಧ ಆರೂವರೆ. ಅರ್ಧ ಉಳಿಯುವುದು ಒಬ್ಬರು 150 ಪಂದ್ಯ ಆಡಿ ಇನ್ನೊಬ್ಬರು 149 ಆಡಿರುವುದರಿಂದ. ಎರಡರಿಂದ ಭಾಗಿಸುವುದೇಕೆ ಎಂದರೆ, ಹಿಂದಿರುವ ನಾನು ಗೆದ್ದರೆ ಅಂತರ ಅರ್ಧ ತಗ್ಗುತ್ತದೆ, ಮುಂದಿರುವ ನೀನು ಸೋತರೆ ಇನ್ನರ್ಧ. ಇಬ್ಬರೂ ಎದುರಾಬದುರು ಆಡಿದರೆ ಒಂದೇ ರಾತ್ರಿಯಲ್ಲಿ ಪೂರ್ತಿ ಒಂದು. ಫಿಲೀಸ್‌ಗೆ ಆದದ್ದೂ ಅದೇ. ಸೆಪ್ಟೆಂಬರ್ 28ರಿಂದ 30ರವರೆಗೆ ಸೇಂಟ್ ಲೂಯಿಸ್‌ನಲ್ಲಿ ಮೂರಕ್ಕೆ ಮೂರೂ ಸೋತರು. ಕಾರ್ಡಿನಲ್ಸ್‌ಗಿಂತ ಅರ್ಧ ಪಂದ್ಯ ಮುಂದಿದ್ದವರು ಎರಡೂವರೆ ಪಂದ್ಯ ಹಿಂದೆ ಬಿದ್ದರು.

ಹಾಗಾಗಿ ಇಲ್ಲಿ ‘ಪಂದ್ಯ’ ಎಂಬುದು ಅಳತೆ, ಮಾರು, ಗೇಣು, ಹೆಜ್ಜೆ ಇದ್ದ ಹಾಗೆ. ‘ನಾಲ್ಕು ಹೆಜ್ಜೆ ಮುಂದೆ’ ಎನ್ನುತ್ತೇವೆ, ‘ನಾಲ್ಕು ಹೆಜ್ಜೆಗಳಿಂದ ಮುಂದೆ’ ಎನ್ನುವುದಿಲ್ಲ. ‘ಆರೂವರೆ ಪಂದ್ಯ ಮುಂದೆ’ ಎಂದೇ ಬರೆಯಿರಿ. ‘ಗಳು’ ಬೇಡ, ‘ಇಂದ’ವೂ ಬೇಡ. ಅದು ಅಳತೆ ಎಂಬುದು ಓದುಗರಿಗೆ ಆ ಪ್ರಯೋಗದಿಂದಲೇ ಹೊಳೆಯುತ್ತದೆ.

‘ಮ್ಯಾಜಿಕ್ ನಂಬರ್’ ವಿಷಯದಲ್ಲಿ ಎಚ್ಚರ ಬೇಕು, ಕನ್ನಡದಲ್ಲಿ ಆ ಮಾತಿಗೆ ಆಗಲೇ ಬೇರೆ ಅರ್ಥ ಕೂತಿದೆ. ವಿಧಾನಸಭೆಯ 224 ಸ್ಥಾನಗಳಲ್ಲಿ ಮ್ಯಾಜಿಕ್ ನಂಬರ್ 113. ಅದು ನಿಂತ ಸಂಖ್ಯೆ, ಪಕ್ಷಗಳು ಅಲ್ಲಿಗೆ ಏರಬೇಕು. ಬೇಸ್‌ಬಾಲ್‌ನದು ಇಳಿಯುವ ಸಂಖ್ಯೆ, ಸೊನ್ನೆ ಮುಟ್ಟಿದರೆ ಕೆಲಸ ಮುಗಿಯಿತು. ಒಟ್ಟು ಪಂದ್ಯ 162ಕ್ಕೆ ಒಂದು ಸೇರಿಸಿ, ಅದರಲ್ಲಿ ಮುಂದಿರುವವರ ಗೆಲುವನ್ನೂ ಬೆನ್ನಟ್ಟುವವರ ಸೋಲನ್ನೂ ಕಳೆಯಬೇಕು: 163 − 90 − 66 = 7. ಆ ಒಂದನ್ನು ಸೇರಿಸದಿದ್ದರೆ ಸಿಗುವುದು ಸಮಬಲದ ಖಾತ್ರಿ ಮಾತ್ರ. ಈ ಏಳನ್ನು ಫಿಲೀಸ್ ಒಬ್ಬರೇ ಗೆದ್ದು ತೀರಿಸಬೇಕೆಂದಿಲ್ಲ. ಎದುರಾಳಿ ಬೇರೆ ಊರಲ್ಲಿ ಸೋತರೂ ಒಂದು ಕಳೆಯುತ್ತದೆ. ಅಭಿಮಾನಿಗಳು ತಮ್ಮ ಮೈದಾನದಲ್ಲಿ ಕೂತು ಇನ್ನೊಂದು ಊರಿನ ಸ್ಕೋರಿಗೆ ಕಾಯುವುದು ಇದಕ್ಕೇ. ‘ಮಾಂತ್ರಿಕ ಸಂಖ್ಯೆ’ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ನನ್ನ ಸಲಹೆ ‘ಬಾಕಿ’. ಬಾಕಿ ಏಳು, ಬಾಕಿ ಆರು, ಬಾಕಿ ತೀರಿತು. ‘ಕ್ಲಿಂಚ್’, ಅಂದರೆ ಮೊದಲ ಸ್ಥಾನ ಖಾತ್ರಿ ಮಾಡಿಕೊಳ್ಳುವುದು, ಕೂಡ ಅದರಲ್ಲೇ ಬಂತು.

ಉತ್ತರ 2

‘ಬಾಕಿ ತೀರಿತು’ ಕಿವಿಗೆ ಬಹಳ ಹಿತವಾಗಿದೆ, ಆದರೆ ಒಂದು ತೊಂದರೆ. “12 ಪಂದ್ಯ ಬಾಕಿ, ಬಾಕಿ ಏಳು” ಎಂದು ಒಂದೇ ಸಾಲಿನಲ್ಲಿ ಬಂದರೆ ಓದುಗರು ಮುಗ್ಗರಿಸುತ್ತಾರೆ. ಉಳಿದ ಪಂದ್ಯಗಳಿಗೆ ‘ಉಳಿದಿವೆ’ ಎಂದೇ ಬಳಸಿ, ಇದಕ್ಕೆ ‘ಖಾತ್ರಿಗೆ ಬಾಕಿ’ ಎನ್ನಿ. ‘ಲಗ್ಗೆ’ ಬೇಡ. ಅದು ಮುಂದಿನ ಸುತ್ತಿಗೆ ನುಗ್ಗುವುದಕ್ಕೆ ಸರಿ, ಪಟ್ಟಿಯ ತುದಿಯಲ್ಲಿ ಉಳಿಯುವುದಕ್ಕಲ್ಲ. ‘ಖಾತ್ರಿ ಮಾಡಿಕೊಂಡರು’ ಸಾಕು. ಒಂದು ತಿದ್ದುಪಡಿ: 2022ರಿಂದ ಸಮಬಲಕ್ಕೆ ಹೆಚ್ಚುವರಿ ಪಂದ್ಯ ಆಡಿಸುವುದಿಲ್ಲ, ಎರಡು ತಂಡ ಸಮನಾದರೆ ತಮ್ಮೊಳಗಿನ ಪಂದ್ಯಗಳಲ್ಲಿ ಯಾರು ಹೆಚ್ಚು ಗೆದ್ದಿದ್ದಾರೋ ಅವರು ಮೇಲೆ. ಆ ಮೇಲುಗೈ ಇರುವ ತಂಡಕ್ಕೆ 163ರ ಬದಲು 162ರಿಂದ ಕಳೆಯಬೇಕು. ಇಂದಿನ ಋತುವಿನ ಬಗ್ಗೆ ಬರೆಯುವವರು ಇಲ್ಲೇ ಒಂದು ತಪ್ಪುತ್ತಾರೆ.

‘ಪೆನಂಟ್’ ಲೀಗ್ ಗೆದ್ದ ತಂಡ ಹಾರಿಸುವ ಬಾವುಟ. 1968ರವರೆಗೆ ಪಟ್ಟಿಯ ತುದಿಯಲ್ಲಿ ಮುಗಿಸಿದವರಿಗೇ ಅದು ಸಿಗುತ್ತಿತ್ತು. 1969ರಲ್ಲಿ ಲೀಗ್‌ಗಳು ವಿಭಾಗಗಳಾದ ಮೇಲೆ ಅದು ನಿರ್ಧಾರವಾಗುವುದು ಅಕ್ಟೋಬರ್‌ನ ಲೀಗ್ ಫೈನಲ್‌ನಲ್ಲಿ. ಈಗ ಸೆಪ್ಟೆಂಬರ್‌ನ ‘ಪೆನಂಟ್ ರೇಸ್’ ಎಂದರೆ ವಿಭಾಗದ ಮೊದಲ ಸ್ಥಾನಕ್ಕೋ ವೈಲ್ಡ್ ಕಾರ್ಡಿಗೋ (ವಿಭಾಗ ಗೆಲ್ಲದ ತಂಡಗಳಿಗೆ ಸಿಗುವ ಪ್ಲೇಆಫ್ ಸ್ಥಾನ) ನಡೆಯುವ ಪೈಪೋಟಿ, ಹಳೆಯ ಹೆಸರು ಮಾತ್ರ ಉಳಿದಿದೆ. ನಿಮ್ಮದು 1964, ಹಾಗಾಗಿ ‘ಬಾವುಟದ ಪೈಪೋಟಿ’ ಎಂದು ಅಕ್ಷರಶಃ ಹೇಳಬಹುದು. ‘ಪತಾಕೆ’ಗಿಂತ ‘ಬಾವುಟ’ ನನಗೆ ಮೆಚ್ಚು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಮುಕ್ತಿ ಬಾವುಟದ ಹರಾಜು ಮುಗಿದ ಮೇಲೆ ‘ಬಾವುಟ ಇಂಥವರ ಪಾಲಾಯಿತು’ ಎನ್ನುತ್ತಾರೆ. ಅಲ್ಲಿ ಹರಾಜು, ಇಲ್ಲಿ 162 ಪಂದ್ಯ, ಆದರೆ ಕ್ರಿಯಾಪದ ಸಿದ್ಧವಾಗಿದೆ: ಬಾವುಟ ಕಾರ್ಡಿನಲ್ಸ್ ಪಾಲಾಯಿತು. ‘ಕಪ್’ ಎನ್ನಬೇಡಿ, ಎರಡು ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್ ಅದರ ನಂತರದ್ದು.

‘ಕುಸಿತ’ ಎಂದೊಡನೆ ನಮ್ಮ ಓದುಗರಿಗೆ ಒಂದು ಮಧ್ಯಾಹ್ನದಲ್ಲಿ ಉರುಳುವ ವಿಕೆಟ್‌ಗಳು ಕಾಣುತ್ತವೆ. ಇದು ಹತ್ತು ದಿನದ ಸಂಕಟ. ಫಿಲೀಸ್ ಕೊನೆಯ ಎರಡು ಪಂದ್ಯ ಗೆದ್ದು 92-70ಕ್ಕೆ ನಿಂತರು. ಕಾರ್ಡಿನಲ್ಸ್ 93-69, ಖಾತ್ರಿಯಾದದ್ದು ಕೊನೆಯ ದಿನ, ಅಕ್ಟೋಬರ್ 4. ಒಂದೇ ಪಂದ್ಯದ ಅಂತರ. ಅದಕ್ಕೆ ‘ಕೈಜಾರಿತು’ ಎನ್ನಿ. ಅಭಿಮಾನಿಯ ಬಾಯಲ್ಲಾದರೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬುದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ಸಾಲು: “ಬಾವುಟದ ಪೈಪೋಟಿಯಲ್ಲಿ ಆರೂವರೆ ಪಂದ್ಯ ಮುಂದಿದ್ದೇವೆ. ಹನ್ನೆರಡು ಉಳಿದಿವೆ, ಖಾತ್ರಿಗೆ ಬಾಕಿ ಏಳು.” ಮುಂದಿನ ಪುಟದಲ್ಲಿ ಅಭಿಮಾನಿಗಳು ‘ಲಾಸ್ ಕಾಲಂನಲ್ಲಿ ಆರು’ ಎಂದು ಬೇರೆಯಾಗಿ ಎಣಿಸುತ್ತಾರೆ. ಅದೇಕೆ?

ಉತ್ತರ 1

ಫಿಲೀಸ್‌ನ 60 ಸೋಲು ಮತ್ತು ಬೆನ್ನಟ್ಟುವವರ 66 ಸೋಲಿನ ವ್ಯತ್ಯಾಸ ಅದು. ಕಡಿಮೆ ಆಡಿದವರು ಉಳಿದ ಪಂದ್ಯ ಗೆದ್ದು ಗೆಲುವನ್ನು ಸರಿಗಟ್ಟಬಹುದು, ಆಗಿಹೋದ ಸೋಲನ್ನು ಅಳಿಸಲಾಗದು. ಋತುವಿನ ಕೊನೆಯಲ್ಲಿ ಬಲ್ಲವರು ಮೊದಲು ನೋಡುವುದು ಆ ಸಾಲನ್ನೇ. ‘ಸೋಲಿನ ಲೆಕ್ಕದಲ್ಲಿ ಆರು ಮುಂದೆ’ ಎಂದು ಬರೆದರೆ ಹೆಚ್ಚು ಸೋತರು ಎಂಬ ಅರ್ಥ ಬರುತ್ತದೆ. ‘ಆರು ಸೋಲು ಕಡಿಮೆ’ ಎಂದು ಬರೆಯಿರಿ.